ರಕ್ತ ಟಾನಿಕ್ ಅಲ್ಲ

ಬೀದರ್, ಕಲಬುರಗಿ, ರಾಯಚೂರಿನಿಂದ ಆಪರೇಷನ್ನಿಗೆಂದು ಹೈದರಾಬಾದಿಗೆ ಬರುವವರ ಮನೆಮಂದಿ ಡಾಕ್ಟರರನ್ನು ಬೇಡುವುದುಂಟು: ‘ಸರ್, ಶಕ್ತಿ ಬರ್ಲಿ, ಒಂದು ಬಾಟ್ಲಿ ರಕ್ತ ಏರಿಸಿಬಿಡ್ರಿ.’ ರಕ್ತಸ್ರಾವ ನಿಂತು, ಹಿಮೋಗ್ಲೋಬಿನ್ ಎಂಟು-ಒಂಬತ್ತರಲ್ಲಿರುವ ರೋಗಿಗೆ ಸಾಮಾನ್ಯವಾಗಿ ಅದು ಬೇಡ, ಕೊಟ್ಟರೆ ಸೋಂಕಿನ ಭಯ ಹೆಚ್ಚೀತು ಎಂದರೆ ಹಲವರು ಎದುರು ವಾದಿಸುತ್ತಾರೆ.

‘ಈಗ ಪರೀಕ್ಷೆ ಮಾಡಿಯೇ ಕೊಡ್ತಾರಲ್ಲ, ಸೋಂಕೆಲ್ಲಿಂದ?’ ನಿಜ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ; ದುಡ್ಡಿಗೆ ರಕ್ತ ಮಾರುವುದು 1998ರ ಜನವರಿಯಲ್ಲೇ ನಿಷೇಧವಾಯಿತು. ಆದರೆ ನನ್ನ ಆತಂಕ ಬಾಟ್ಲಿಯೊಳಗಿನ ರೋಗಾಣುವಿನದಲ್ಲ. ಪರರ ರಕ್ತ ರೋಗಿಯ ರೋಗನಿರೋಧಕ ಶಕ್ತಿಯನ್ನೇ ಮಂಕಾಗಿಸಬಲ್ಲದು. ಮೊದಲೇ ರಕ್ತ ಪಡೆದಿದ್ದವರಲ್ಲಿ ಕಸಿ ಮಾಡಿದ ಕಿಡ್ನಿ ಹೆಚ್ಚು ಬಾಳುತ್ತದೆಂದು 1973ರಲ್ಲಿ ಸಂಶೋಧಕ ಓಪೆಲ್ಜ್ ಮತ್ತು ಸಂಗಡಿಗರು ತೋರಿಸಿದರು. ಪರರ ಕಿಡ್ನಿಯನ್ನು ತಳ್ಳಿಹಾಕದಷ್ಟು ಸಡಿಲಾದ ದೇಹ, ಹೊಲಿಗೆಯ ಸಂದಿಗೆ ಹೊಕ್ಕ ಬ್ಯಾಕ್ಟೀರಿಯಾದೆದುರು ಬಿಗಿಯಾಗಿ ನಿಂತೀತೇ?

‘ಹೆಚ್ಚು ಕಾಯಿಲೆ ಇದ್ದವರಿಗೇ ರಕ್ತ ಕೊಡುವುದು, ಕೀವಾಗುವುದು ಕಾಯಿಲೆಯಿಂದ.’ ಇದು ತೂಕದ ಆಕ್ಷೇಪ. ಇದಕ್ಕೆ ಉತ್ತರ ಸಿಗುವುದು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದ ಪ್ರಯೋಗಗಳಲ್ಲಿ ಮಾತ್ರ. ಅಂಥ ಹದಿನೆಂಟನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ, ಧಾರಾಳವಾಗಿ ರಕ್ತ ಕೊಟ್ಟ ಗುಂಪಿನ ಶೇ. 16.9 ಮಂದಿಗೆ ಗಂಭೀರ ಸೋಂಕು ತಗುಲಿತು. ಕೈ ಬಿಗಿಹಿಡಿದು ಕೊಟ್ಟ ಗುಂಪಿನಲ್ಲಿ ಶೇ. 11.8. 2021ರ ಕೋಕ್ರೇನ್ ಪರಿಶೀಲನೆಯಲ್ಲಿ ಸೋಂಕಿನ ಈ ಅಂತರ ಸ್ಪಷ್ಟವಾಗಿ ಉಳಿಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಆದರೆ ಕೈ ಬಿಗಿಹಿಡಿದ ಗುಂಪಿನಲ್ಲಿ ರಕ್ತ ಪಡೆದವರ ಪ್ರಮಾಣ ಶೇ. 41ರಷ್ಟು ತಗ್ಗಿದರೂ ಸಾವು ಹೆಚ್ಚಲಿಲ್ಲ ಎಂದೂ ಅದೇ ಪರಿಶೀಲನೆ ಹೇಳಿತು. ಲಾಭವಿಲ್ಲದ ಕಡೆ ಅಪಾಯದ ಶಂಕೆಯೊಂದೇ ಸಾಕು, ಕೈ ತಡೆಯಲು.

‘ರಕ್ತವಿಲ್ಲದೆ ಮುದುಕರು ಏಳುವುದು ಹೇಗೆ?’ 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸೊಂಟದ ಮೂಳೆ ಮುರಿದು ಆಪರೇಷನ್ ಆದ 2,016 ಮಂದಿಯಿದ್ದರು. ಹಿಮೋಗ್ಲೋಬಿನ್ ಎಂಟಕ್ಕಿಂತ ಇಳಿದಾಗ ಅಥವಾ ತೊಂದರೆ ಕಂಡಾಗ ಮಾತ್ರ ರಕ್ತ ಪಡೆದವರೂ, ಹತ್ತರ ಮೇಲೆ ಕಾಯ್ದುಕೊಂಡವರೂ ಎರಡು ತಿಂಗಳಲ್ಲಿ ಒಂದೇ ತೆರನಾಗಿ ಚೇತರಿಸಿಕೊಂಡರು. ಹೃದಯಾಘಾತವಾದವರ ಮಾತು ಬೇರೆ, ಅಲ್ಲಿ ವೈದ್ಯರ ಕೈ ಕಟ್ಟಬಾರದು. ಉಳಿದವರಿಗೆ ಆಪರೇಷನ್ನಿಗೆ ವಾರಗಳ ಮುಂಚೆಯೇ ರಕ್ತಹೀನತೆ ಪತ್ತೆಹಚ್ಚಿ, ಕಬ್ಬಿಣಾಂಶದ ಕೊರತೆಯಿದ್ದರೆ ಮಾತ್ರೆ, ಇಂಜೆಕ್ಷನ್ ಕೊಡುವುದು ಸರಿಯಾದ ದಾರಿ.

‘ಹೀಗೆ ಬರೆದರೆ ರಕ್ತದಾನಿಗಳೇ ಹಿಂಜರಿದಾರು.’ ಏಕೆ? ಇದೇ ಹೈದರಾಬಾದಿನಲ್ಲಿ ಥಲಸ್ಸೀಮಿಯಾ ಸೊಸೈಟಿ 1998ರಿಂದ ನೋಡಿಕೊಳ್ಳುತ್ತಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು, ಬದುಕಿನುದ್ದಕ್ಕೂ. ಹೆರಿಗೆಯಲ್ಲಿ ರಕ್ತ ಹರಿದ ತಾಯಿಗೆ, ಅಪಘಾತದ ಗಾಯಾಳುವಿಗೆ ಆ ಕ್ಷಣವೇ ಬೇಕು. ದಯವಿಟ್ಟು ದಾನ ಮಾಡಿ. ನಿಮ್ಮ ಆ ಬಾಟ್ಲಿ, ಅದಿಲ್ಲದೆಯೂ ಗುಣವಾಗುವವರಿಗೆ ಹೋಗಬಾರದು ಎಂಬುದಷ್ಟೇ ನನ್ನ ತಕರಾರು.