ಕೊಂಡ ನಕ್ಷತ್ರಕ್ಕಿಂತ ಕಟ್ಟಿದ ನಕ್ಷತ್ರವೇ ಮೇಲು

ಡಿಸೆಂಬರ್ ಬಂತೆಂದರೆ ನಮ್ಮ ಸೀಮೆಯಲ್ಲಿ ಎರಡು ಸಂಗತಿಗಳು ತಪ್ಪುವುದಿಲ್ಲ. ಒಂದು ಸೊಗಡವರೆಯ ಘಮಲು, ಇನ್ನೊಂದು ನಂದಿಬೆಟ್ಟದ ನೆತ್ತಿಯ ಮಂಜು. ಈಚಿನ ವರ್ಷಗಳಲ್ಲಿ ಮೂರನೆಯದೊಂದು ಸೇರಿಕೊಂಡಿದೆ. ಚಿಕ್ಕಬಳ್ಳಾಪುರವಿರಲಿ, ಗೌರಿಬಿದನೂರಿರಲಿ, ಚಿಂತಾಮಣಿ, ಶಿಡ್ಲಘಟ್ಟಗಳಿರಲಿ, ಸ್ಟೇಷನರಿ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ನಕ್ಷತ್ರಗಳೂ ಥರ್ಮೋಕೋಲ್ ಗಂಟೆಗಳೂ ಜರತಾರಿಯಂತೆ ಹೊಳೆಯುವ ಕಾರ್ಡುಗಳೂ ತೂಗಾಡತೊಡಗುತ್ತವೆ. ಅವನ್ನು ಕೊಳ್ಳುವವರು ಕ್ರೈಸ್ತ ಬಂಧುಗಳು ಮಾತ್ರವಲ್ಲ. ಹೆಚ್ಚಿನ ಖಾಸಗಿ ಶಾಲೆಗಳು ಈಗ ಕ್ರಿಸ್‌ಮಸ್ ಆಚರಿಸುವುದರಿಂದ ಎಲ್ಲ ಮತಗಳ ತಂದೆತಾಯಂದಿರೂ ಆ ಅಂಗಡಿಗಳ ಮುಂದೆ ನಿಂತಿರುತ್ತಾರೆ.

ಹಬ್ಬದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಮಕ್ಕಳು ಪರಸ್ಪರರ ಹಬ್ಬಗಳನ್ನು ಅರಿತು ಆಚರಿಸುವುದು ಒಳ್ಳೆಯದೇ. ನನ್ನ ತಕರಾರು ಬೇರೆ. ‘ಕೈಯಿಂದ ಮಾಡಿದ್ದು’ ಎಂಬ ಮಾತನ್ನು ನಾವು ಕೊಲ್ಲುತ್ತಿದ್ದೇವೆ. ಅದನ್ನು ಕೊಲ್ಲುತ್ತಿರುವ ಸ್ಥಳ ಬೇರೆಲ್ಲೂ ಅಲ್ಲ, ಶಾಲೆ.

ನಮ್ಮ ಬಂಧುಗಳೊಬ್ಬರ ಮಗು ಓದುವ ಶಾಲೆಯ (ಹೆಸರು ಬೇಡ) ಸುತ್ತೋಲೆಯನ್ನು ಇತ್ತೀಚೆಗೆ ಓದಿದೆ. ‘ಮಕ್ಕಳು ಸ್ವಹಸ್ತದಿಂದ ತಯಾರಿಸಿದ ಕ್ರಿಸ್‌ಮಸ್ ಕಾರ್ಡು ಹಾಗೂ ಅಲಂಕಾರಿಕ ವಸ್ತುಗಳ ಸ್ಪರ್ಧೆ’ ಎಂದು ಅದರಲ್ಲಿತ್ತು. ಕೆಳಗೆ ತರಬೇಕಾದ ಸಾಮಗ್ರಿಗಳ ಪಟ್ಟಿ: ಥರ್ಮೋಕೋಲ್ ಹಾಳೆ, ಮಿಂಚುಪುಡಿ, ಅಂಟಿಸಲು ಸಿದ್ಧವಾಗಿರುವ ಚಿತ್ರಗಳು. ಆಗಿದ್ದೇನು? ತಾಯಿ ಅಂಗಡಿಯಿಂದ ಎಲ್ಲವನ್ನೂ ತಂದಳು, ತಂದೆ ರಾತ್ರಿ ಹನ್ನೊಂದರವರೆಗೆ ಕುಳಿತು ಅಂಟಿಸಿದ, ಮಗು ಆ ವೇಳೆಗೆ ನಿದ್ರಿಸಿತ್ತು. ಮರುದಿನ ಅತಿ ಹೆಚ್ಚು ಹೊಳೆದ ಕಾರ್ಡಿಗೆ ಬಹುಮಾನ ಬಂತು. ಸೀಸದ ಕಡ್ಡಿಯಿಂದ ಸೊಟ್ಟಗೆ ಕುರಿಮರಿಯೊಂದನ್ನು ಬರೆದು ತಂದಿದ್ದ ಇನ್ನೊಂದು ಮಗುವಿನ ಕಾರ್ಡನ್ನು ಯಾರೂ ಎತ್ತಿ ನೋಡಲಿಲ್ಲ.

ನನ್ನ ಮಾತು ಕಟುವಾದರೂ ಹೇಳಲೇಬೇಕು. ಇದು ಕರಕುಶಲ ಶಿಕ್ಷಣವಲ್ಲ, ಸುಳ್ಳು ಹೇಳುವುದಕ್ಕೆ ಕೊಡುವ ತರಬೇತಿ. ತಾನು ಮಾಡದ್ದರ ಮೇಲೆ ತನ್ನ ಹೆಸರು ಬರೆಯುವುದು ತಪ್ಪಲ್ಲವೆಂದು ಆರು ವರ್ಷದ ಮಗುವಿಗೆ ಗುರುಗಳ ಸಮ್ಮುಖದಲ್ಲಿಯೇ ಕಲಿಸಿದಂತಾಯಿತು. ಸೊಟ್ಟ ಕುರಿಮರಿಯ ಮಗುವಂತೂ ತನ್ನ ಕೈಗೆ ಬೆಲೆಯಿಲ್ಲವೆಂಬುದನ್ನು ಕಲಿತು ಮನೆಗೆ ಹೋಯಿತು.

ಈ ದೇಶದಲ್ಲಿ ಕೈಕೆಲಸವನ್ನು ವಿದ್ಯೆಯ ಮಧ್ಯದಲ್ಲಿಡಲು ಎಷ್ಟು ಮಂದಿ ಹಿರಿಯರು ಶ್ರಮಿಸಿದರು! 1937ರಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಮಂಡಿಸಿದ್ದು ಅದನ್ನೇ. ಜಾಕಿರ್ ಹುಸೇನ್ ಅವರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ ‘ಕಾರ್ಯಾನುಭವ’ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ಎತ್ತಿಹಿಡಿಯಿತು. ಇಷ್ಟೆಲ್ಲ ಆದ ಮೇಲೂ ನಮ್ಮ ವೇಳಾಪಟ್ಟಿಗಳಲ್ಲಿ ಕರಕುಶಲದ ಅವಧಿಯೆಂಬುದು ಬೇರೆ ಪಾಠಗಳು ಮುಗಿಯದಿದ್ದಾಗ ಕಬಳಿಸಲು ಇರುವ ಅವಧಿಯಾಗಿಯೇ ಉಳಿಯಿತು. ಅದು ಸೊರಗಿ, ಕೊನೆಗೆ ವರ್ಷಕ್ಕೊಮ್ಮೆ ಬರುವ ಸ್ಪರ್ಧೆಯಾಗಿ, ಆ ಸ್ಪರ್ಧೆಯೂ ಅಂಗಡಿಯ ವ್ಯಾಪಾರವಾಗಿ ಕುಳಿತಿದೆ.

ನಾನು ಗಣಿತ ಹೇಳಿಕೊಟ್ಟವನು, ಆದ್ದರಿಂದ ಒಂದು ಗಣಿತದ ಕಥೆ ಹೇಳುತ್ತೇನೆ. ಇಂದು ಜರ್ಮನಿಯಿಂದ ಅಮೆರಿಕದವರೆಗೆ ಕ್ರಿಸ್‌ಮಸ್ ಕಾಲದಲ್ಲಿ ತೂಗುಹಾಕುವ ಬಹುಮುಖದ ಮೊರಾವಿಯನ್ ನಕ್ಷತ್ರ ಹುಟ್ಟಿದ್ದು ಯಾವ ಕಾರ್ಖಾನೆಯಲ್ಲೂ ಅಲ್ಲ. 1830ರ ದಶಕದಲ್ಲಿ ಜರ್ಮನಿಯ ನೀಸ್ಕಿ ಎಂಬ ಊರಿನ ಮೊರಾವಿಯನ್ ಪಂಥದ ಹುಡುಗರ ಶಾಲೆಯಲ್ಲಿ, ರೇಖಾಗಣಿತದ ಪಾಠದ ಅಭ್ಯಾಸವಾಗಿ ಅದು ಹುಟ್ಟಿತು. ಸಾಮಾನ್ಯವಾಗಿ ಕಾಣುವ ಮಾದರಿಯ ಒಡಲಿಗೆ 18 ಚೌಕ ಮುಖಗಳು, 8 ತ್ರಿಕೋನ ಮುಖಗಳು, ಒಟ್ಟು 26. ಒಂದನ್ನು ತೂಗುಹಾಕುವುದಕ್ಕೆಂದು ಬಿಟ್ಟು ಉಳಿದ ಒಂದೊಂದರ ಮೇಲೂ ಕಾಗದದ ಗೋಪುರ ಕೂರಿಸಿದರೆ ನಕ್ಷತ್ರ ಸಿದ್ಧ. ಇಂಥದೊಂದನ್ನು ಮಾಡಿ ಮುಗಿಸಿದ ಹುಡುಗನಿಗೆ ಘನಾಕೃತಿಗಳ ಅಧ್ಯಾಯವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಅಷ್ಟು ದೂರವೇಕೆ? ನಮ್ಮ ಊರುಗಳಲ್ಲಿ ಹಿಂದೆ ಕಟ್ಟುತ್ತಿದ್ದ ಬಿದಿರಿನ ನಕ್ಷತ್ರವನ್ನೇ ನೋಡಿ. ಒಂದೇ ಉದ್ದದ ಐದು ಬಿದಿರಿನ ದಬ್ಬೆಗಳಿಂದ ಒಂದು ನಕ್ಷತ್ರ, ಇನ್ನೈದರಿಂದ ಮತ್ತೊಂದು. ಎರಡನ್ನೂ ಒಂದರ ಮೇಲೊಂದಿಟ್ಟು ಐದು ತುದಿಗಳಲ್ಲಿ ದಾರದಿಂದ ಬಿಗಿದು, ನಡುವೆ ದಬ್ಬೆಗಳು ಹಾಯುವ ಐದು ಕಡೆ ಗೇಣಿನೊಳಗಿನ ಚಿಕ್ಕ ಕಡ್ಡಿಗಳನ್ನು ಸಿಕ್ಕಿಸಿದರೆ ಹೊಟ್ಟೆ ಉಬ್ಬಿ ನಿಲ್ಲುತ್ತದೆ. ಮೇಲೆ ಗಾಳಿಪಟದ ಕಾಗದ, ಅಂಟಿಗೆ ಮೈದಾ ಹಿಟ್ಟಿನ ಗಂಜಿ, ಒಳಗೊಂದು ದೀಪ. ತುದಿಯ ಒಂದೊಂದು ಕೋನವೂ 36 ಡಿಗ್ರಿ. ಐದನ್ನೂ ಕೂಡಿದರೆ 180. ಒಂದು ದಬ್ಬೆ ಅರ್ಧ ಅಂಗುಲ ಗಿಡ್ಡವಾದರೂ ನಕ್ಷತ್ರ ಸೊಟ್ಟಗಾಗಿ ತಾನೇ ತಪ್ಪನ್ನು ತೋರಿಸಿಕೊಡುತ್ತದೆ. ಇಂಥ ಪರೀಕ್ಷಕ ಯಾವ ಬೋರ್ಡಿನಲ್ಲಿದ್ದಾನೆ, ಹೇಳಿ!

ಇನ್ನು ಸಾಮಗ್ರಿಯ ಮಾತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯ ಹೆಸರು ದೇಶವೆಲ್ಲ ಬಲ್ಲದು. ಸಾಮಾನ್ಯವಾಗಿ ಗೂಡಿನೊಳಗಿನ ಹುಳುವನ್ನು ಆವಿಯಲ್ಲಿ ಕೊಂದು, ಗೂಡನ್ನು ಬಿಸಿನೀರಿನಲ್ಲಿ ಮೆದುಗೊಳಿಸಿ ನೂಲು ಬಿಚ್ಚುತ್ತಾರೆ. ಬಿತ್ತನೆಗೆಂದು ಬಿಟ್ಟ ಗೂಡಿನಿಂದ ಮಾತ್ರ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ಎಳೆ ತುಂಡಾದ ಆ ಗೂಡಿನಿಂದ ಅಖಂಡವಾದ ನೂಲು ತೆಗೆಯಲಾಗದು. ಆದರೆ ಅದನ್ನು ಅಡ್ಡಲಾಗಿ ಕತ್ತರಿಸಿದರೆ ಎರಡು ಗಂಟೆಗಳಾಗುತ್ತವೆ, ಸೀಳಿದರೆ ಹೂವಿನ ಎಸಳುಗಳಾಗುತ್ತವೆ. ಮಿಶ್ರತಳಿಯ ಗೂಡು ಹಳದಿ, ದ್ವಿತಳಿಯದು ಬಿಳಿ; ಬಣ್ಣ ಬಳಿಯುವ ಅಗತ್ಯವೇ ಇಲ್ಲ. ಸಭೆಗಳಲ್ಲಿ ಗಣ್ಯರ ಕೊರಳಿಗೆ ರೇಷ್ಮೆಗೂಡಿನ ಹಾರ ಹಾಕಿ ಚಪ್ಪಾಳೆ ತಟ್ಟುವ ನಾವು, ಅದೇ ಗೂಡನ್ನು ಮಗುವಿನ ಕೈಗೆ ಕೊಡಲು ಏಕೆ ಮರೆತೆವು?

ಕ್ರೈಸ್ತರ ಮನೆಗಳ ಗೋದಲಿಯನ್ನೂ ನೋಡಿ. ಹಬ್ಬಕ್ಕೆ ಎರಡು ವಾರ ಮೊದಲು ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿದರೆ, ಇಪ್ಪತ್ತನಾಲ್ಕರ ರಾತ್ರಿಗೆ ಗೋದಲಿಯ ಸುತ್ತ ಹಸಿರು ಹುಲ್ಲುಗಾವಲು ಎದ್ದು ನಿಂತಿರುತ್ತದೆ. ಬೆಂಗಳೂರಿನ ಹಾಗೂ ಸುತ್ತಲಿನ ಅನೇಕ ಮನೆಗಳಲ್ಲಿ ಹೀಗೆಯೇ ಮಾಡುತ್ತಾ ಬಂದಿದ್ದಾರೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಸಂತ ಫ್ರಾನ್ಸಿಸರು ಗೋದಲಿಯ ದೃಶ್ಯವನ್ನು ಏರ್ಪಡಿಸಿದಾಗ ತಂದದ್ದು ನಿಜವಾದ ಒಣಹುಲ್ಲನ್ನು, ನಿಜವಾದ ಎತ್ತು ಕತ್ತೆಗಳನ್ನು. ರಾಗಿಯ ನಾಡಿನವರಾದ ನಮಗೆ ಪ್ಲಾಸ್ಟಿಕ್ ಹುಲ್ಲಿನ ಚಾಪೆ ಏಕೆ ಬೇಕಾಯಿತು?

ಕಾರ್ಡಿಗೂ ಇದೇ ಮಾತು. ಪ್ರತಿ ಮನೆಯ ಕಪಾಟಿನಲ್ಲೂ ಹಳೆಯ ಲಗ್ನಪತ್ರಿಕೆಗಳ ಕಟ್ಟು ಬಿದ್ದಿರುತ್ತದೆ. ಅದರ ದಪ್ಪ ಕಾಗದಕ್ಕಿಂತ ಒಳ್ಳೆಯ ಕಾರ್ಡಿನ ಹಾಳೆಯನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ನನ್ನ ಮಾತಿಗೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಒಂದೊಂದಾಗಿ ನೋಡೋಣ.

‘ಸಮಯವೆಲ್ಲಿದೆ ಮೇಷ್ಟ್ರೇ?’ ಇದು ಇಂದಿನ ಗೋಳಲ್ಲ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ ಹಬ್ಬದ ಪತ್ರಗಳಿಗೆಲ್ಲ ಉತ್ತರ ಬರೆಯಲು ಬಿಡುವಿಲ್ಲದೆ, ಚಿತ್ರಕಾರ ಹಾರ್ಸ್ಲಿಯಿಂದ ಚಿತ್ರ ಬರೆಸಿ ಕಾರ್ಡು ಅಚ್ಚು ಹಾಕಿಸಿದ. ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅದೇ, ಬೆಲೆ ಒಂದು ಷಿಲಿಂಗ್. ಅಂದರೆ ಕೊಳ್ಳುವ ಕಾರ್ಡು ಹುಟ್ಟಿದ್ದೇ ಸಮಯವಿಲ್ಲದವನ ಮೇಜಿನ ಮೇಲೆ. ಇದಕ್ಕೆ ಎದುರಾಗಿ ಇನ್ನೊಂದು ಕಾರ್ಡನ್ನು ಇಟ್ಟು ನೋಡಿ. ಎರಡನೆಯ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯದ ಏಳು ವರ್ಷದ ಹುಡುಗಿ ಯಿತ್ಕಾ ಸಾಮ್ಕೊವಾ, ತನ್ನ ಹಳ್ಳಿಗೆ ನೆರವಾದ ಯುನಿಸೆಫ್ ಸಂಸ್ಥೆಗೆ ಕೃತಜ್ಞತೆ ಹೇಳಲು ಚಿತ್ರವೊಂದನ್ನು ಬರೆದಳು. ಕಾಗದ ಸಿಗದೆ ಗಾಜಿನ ಮೇಲೆ ಬರೆದಳು. 1949ರಲ್ಲಿ ಅದೇ ಯುನಿಸೆಫ್‌ನ ಮೊದಲ ಶುಭಾಶಯ ಕಾರ್ಡಾಯಿತು. ಕಾಗದವೇ ಇಲ್ಲದ ಮಗುವಿಗೆ ಆದದ್ದು, ಎಲ್ಲವೂ ಇರುವ ನಮ್ಮ ಮಕ್ಕಳಿಗೆ ಆಗದೇ?

‘ಕೊಂಡರೆ ಬಡವರಿಗೆ ಕೆಲಸ ಸಿಗುತ್ತದಲ್ಲ?’ ಸಿಗುತ್ತದೆ, ಆದರೆ ಎಲ್ಲಿ? ಜಗತ್ತಿನ ಕ್ರಿಸ್‌ಮಸ್ ಅಲಂಕಾರ ಸಾಮಗ್ರಿಯ ಅತಿ ದೊಡ್ಡ ಪೇಟೆ ಚೀನಾದ ಯಿವು ನಗರ. ರೇಷ್ಮೆಯನ್ನು ಜಗತ್ತಿಗೆ ಕೊಟ್ಟ ದೇಶದಿಂದ ರೇಷ್ಮೆಯ ಊರಿನವರು ಪ್ಲಾಸ್ಟಿಕ್ ತರಿಸಿಕೊಳ್ಳುವುದು ಎಂಥ ವಿಪರ್ಯಾಸ! ಬಡವರ ಮೇಲೆ ಕನಿಕರವಿದ್ದರೆ ದಬ್ಬೆಗಳನ್ನು ನಮ್ಮ ಊರಿನ ಮೇದರಿಂದಲೇ ಕೊಳ್ಳಿ. ನಾನು ಯಂತ್ರದ್ವೇಷಿಯಲ್ಲ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ಯಂತ್ರ ಕಟ್ಟುವವನ ಕೈಗೂ ಮೊದಲು ಅಳತೆ ಕಲಿಸಬೇಕಾಗುತ್ತದೆ ಎಂದಷ್ಟೇ ನನ್ನ ವಾದ.

‘ನಮ್ಮ ಹಬ್ಬವಲ್ಲವಲ್ಲ, ನಮಗೇಕೆ?’ ಎನ್ನುವವರಿಗೆ ಹೇಳುವುದಿಷ್ಟೇ. ಲಂಡನ್ ಮಿಷನ್ನಿನವರು ಸ್ಥಾಪಿಸಿದ ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದವರು ಎಲ್ಲ ಮತಗಳ ಜನ. ನೆರೆಯವರ ಹಬ್ಬಕ್ಕೆ ಕೈಯಾರೆ ಬರೆದ ಕಾರ್ಡೊಂದನ್ನು ಕೊಟ್ಟರೆ ಯಾರ ಧರ್ಮವೂ ಕೆಡುವುದಿಲ್ಲ. ಮೇಲಾಗಿ ಈ ಮಾತು ಎಲ್ಲ ಹಬ್ಬಗಳಿಗೂ ಸಲ್ಲುತ್ತದೆ. ಗಣೇಶನ ಮಂಟಪಕ್ಕೂ, ದಸರೆಯ ಬೊಂಬೆಯ ಮೆಟ್ಟಿಲುಗಳಿಗೂ ಅದೇ ಥರ್ಮೋಕೋಲ್ ಬಂದು ಕುಳಿತಿಲ್ಲವೇ?

ನಾಲ್ಕನೆಯ ಆಕ್ಷೇಪ ಬಹಳ ಗಂಭೀರವಾದುದು, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಶಿಡ್ಲಘಟ್ಟದ ಹಳೆಯ ವಿದ್ಯಾರ್ಥಿಯೊಬ್ಬ ಕೇಳಬಹುದು: ‘ಮೇಷ್ಟ್ರೇ, ಕೈಕೆಲಸದ ಮಹಿಮೆಯನ್ನು ನಮಗೆ ಹೇಳುತ್ತೀರಾ? ರೇಷ್ಮೆಯ ಊರುಗಳಲ್ಲಿ ಎಷ್ಟು ಮಕ್ಕಳ ಕೈ ಬಿಸಿನೀರಿನಲ್ಲಿ ಬೆಂದಿವೆ, ಬಲ್ಲಿರಾ?’ ನಿಜ. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತದ ಬಗ್ಗೆ 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ವರದಿಯನ್ನೇ ಪ್ರಕಟಿಸಿತು. ಬಾಲಕಾರ್ಮಿಕ ನಿಷೇಧದ 1986ರ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವುದು ಬಹುಮಟ್ಟಿಗೆ ಎಲ್ಲ ಕಸುಬುಗಳಲ್ಲೂ ನಿಷಿದ್ಧವಾಯಿತು. ಆದುದರಿಂದ ಸ್ಪಷ್ಟವಾಗಿ ಹೇಳುತ್ತೇನೆ. ಕೂಲಿಗಾಗಿ ಮಗುವಿನ ಕೈಯನ್ನು ದುಡಿಸುವುದು ಪಾಪ, ಕಲಿಕೆಗಾಗಿ ಆ ಕೈಯನ್ನು ಆಡಗೊಡುವುದು ವಿದ್ಯೆ. ಒಂದು ಕಡೆ ಕೈ ಮಾತ್ರ ದುಡಿದು ತಲೆ ಸಾಯುತ್ತದೆ, ಇನ್ನೊಂದು ಕಡೆ ಕೈಯೊಡನೆ ತಲೆಯೂ ಬೆಳೆಯುತ್ತದೆ. ಕೈಕೆಲಸವೆಂದರೆ ಬಡವರ ಶಾಪ, ಕೊಳ್ಳುವುದೆಂದರೆ ಉಳ್ಳವರ ಗೌರವ ಎಂಬ ಭಾವನೆ ಮಕ್ಕಳಲ್ಲಿ ಬೇರೂರಬಾರದೆಂದಾದರೆ, ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಒಂದೇ ಹಲಗೆಯ ಮೇಲೆ ಕುಳಿತು ಗೂಡು ಕತ್ತರಿಸಬೇಕು, ದಬ್ಬೆ ಕಟ್ಟಬೇಕು. ಶಾಲೆಯಲ್ಲದೆ ಅದಕ್ಕೆ ಬೇರೆ ಜಾಗ ಎಲ್ಲಿದೆ?

ಕಾನೂನಿನ ಮಾತೂ ಒಂದಿದೆ. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಾದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರಕ್ಕೆ ಬಳಸುವ ಥರ್ಮೋಕೋಲ್ ಸ್ಪಷ್ಟವಾಗಿ ಸೇರಿದೆ. ಐರೋಪ್ಯ ಒಕ್ಕೂಟ 2023ರ ಅಕ್ಟೋಬರಿನಲ್ಲಿ ಪ್ಲಾಸ್ಟಿಕ್ಕಿನ ಬಿಡಿ ಮಿಂಚುಪುಡಿಯ ಮಾರಾಟವನ್ನೂ ತಡೆಯಿತು. ಪರಿಸರ ದಿನದಂದು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವ ಶಾಲೆ, ಡಿಸೆಂಬರಿನಲ್ಲಿ ನಿಷಿದ್ಧ ವಸ್ತುವನ್ನು ತರಲು ಮಕ್ಕಳಿಗೆ ಬರೆದು ಕಳಿಸುವುದನ್ನು ಏನೆಂದು ಕರೆಯಬೇಕು?

ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆಗಳು ಮೂರೇ. ನಿಮ್ಮಲ್ಲಿ ಹಲವರು ನನ್ನ ವಿದ್ಯಾರ್ಥಿಗಳು, ಸಲಿಗೆಯಿಂದ ಹೇಳುತ್ತಿದ್ದೇನೆ. ಒಂದು, ಕಾರ್ಡು, ನಕ್ಷತ್ರಗಳನ್ನು ಮನೆಯಿಂದ ಮಾಡಿ ತರಿಸಬೇಡಿ, ಶಾಲೆಯಲ್ಲಿ ನಿಮ್ಮ ಕಣ್ಣೆದುರೇ ಮಾಡಿಸಿ. ಎರಡು, ಸಾಮಗ್ರಿಯನ್ನು ಶಾಲೆಯೇ ಎಲ್ಲರಿಗೂ ಸಮನಾಗಿ ಕೊಡಲಿ: ದಬ್ಬೆ, ಗೂಡು, ಹಳೆಯ ಕಾಗದ. ಮೂರು, ಬಹುಮಾನ ಬೇಡವೇ ಬೇಡ. ಮಾಡಿದ ಕಾರ್ಡನ್ನು ಮಗು ತಾನು ಪ್ರೀತಿಸುವ ಒಬ್ಬರಿಗೆ ಕೊಡಲಿ, ಅದಕ್ಕಿಂತ ದೊಡ್ಡ ಬಹುಮಾನವಿಲ್ಲ.

ತಂದೆತಾಯಂದಿರಾದ ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಒಂದೇ ಮಾತು. ಮನೆಯಲ್ಲಿ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ, ಅದರ ಕೈಯಿಂದ ಕತ್ತರಿ ಕಸಿಯಬೇಡಿ. ಸೊಟ್ಟಗಿರಲಿ ಬಿಡಿ. ಕೈ ಕೆಸರಾದರೆ ಬಾಯಿ ಮೊಸರು ಎಂದ ಹಿರಿಯರು ಕೆಸರಾಗಬೇಕಾದುದು ಪಕ್ಕದವನ ಕೈಯೆಂದು ಹೇಳಲಿಲ್ಲ. ಮೊಬೈಲಿನಲ್ಲಿ ಬರುವ ಸಿದ್ಧ ಶುಭಾಶಯಗಳನ್ನು ನೂರು ಜನಕ್ಕೆ ದಾಟಿಸುವುದರ ಬದಲು, ಮಕ್ಕಳು ಬರೆದ ಒಂದು ಕಾರ್ಡನ್ನು ಅಂಚೆಯ ಪೆಟ್ಟಿಗೆಗೆ ಹಾಕಿಸಿ. ಯಾರ ಮನೆಗೆ ಅದು ತಲುಪುವುದೋ ಅವರು ಅದನ್ನು ಎಸೆಯಲಾರರು.

ಎಲ್ಲರಿಗೂ ಹಬ್ಬದ ಶುಭಾಶಯಗಳು.

ಇತಿ ನಿಮ್ಮ,
ಹಳೆಯ ಗಣಿತದ ಮೇಷ್ಟ್ರು