ಎರಡಕ್ಕೂ ಒಟ್ಟಿಗೇ ಅರ್ಜಿ ಏಕೆ?

ಅಮೆರಿಕದಲ್ಲಿ ಸಂಗಾತಿಯನ್ನು ಕಳೆದುಕೊಂಡವರಿಗೆ ನಮ್ಮ ಕನ್ನಡಿಗರ ಬಳಗದಲ್ಲೂ ಧಾರಾಳವಾಗಿ ಸಿಗುವ ಸಲಹೆ ಇದು: 'ಸೋಷಿಯಲ್ ಸೆಕ್ಯುರಿಟಿಯಲ್ಲಿ ನಿಮ್ಮದು, ಅವರದು ಎರಡನ್ನೂ 62ಕ್ಕೇ ಕೇಳಿಬಿಡಿ, ಎರಡೂ ಕಡೆಯಿಂದ ದುಡ್ಡು ಬರುತ್ತದೆ.' ಬರುವುದಿಲ್ಲ. ಸ್ವಂತ ದುಡಿಮೆಯ ಪಿಂಚಣಿ, ತೀರಿಕೊಂಡವರ ಲೆಕ್ಕದ ಸರ್ವೈವರ್ ಬೆನಿಫಿಟ್, ಎರಡಕ್ಕೂ ಹಕ್ಕಿದ್ದರೂ ಕೈಗೆ ಸಿಗುವುದು ದೊಡ್ಡದರಷ್ಟೇ. ಕೆಲಸ ಬಿಟ್ಟಿರುವ, 1963ರಲ್ಲಿ ಹುಟ್ಟಿದ ಒಬ್ಬಾಕೆಯ ಲೆಕ್ಕ ಹಾಕಿ ನೋಡಿ. 67ಕ್ಕೆ ಪಡೆದರೆ ಆಕೆಯ ಸ್ವಂತ ಪಿಂಚಣಿ ತಿಂಗಳಿಗೆ 2,000 ಡಾಲರ್. ಪಿಂಚಣಿ ಶುರುವಾಗುವ ಮೊದಲೇ ತೀರಿಕೊಂಡ ಗಂಡನ ಪೂರ್ಣ ಮೊತ್ತ 2,200. 62ಕ್ಕೆ ಎರಡನ್ನೂ ಕೇಳಿದರೆ ಸ್ವಂತದ್ದು 1,400ಕ್ಕೆ ಇಳಿಯುತ್ತದೆ, ಗಂಡನದು ಸುಮಾರು 1,750ಕ್ಕೆ. ಬೆಲೆಯೇರಿಕೆಯ ವಾರ್ಷಿಕ ಹೆಚ್ಚಳ ಬಿಟ್ಟರೆ ಕೊನೆಯವರೆಗೂ ಆ 1,750 ಮಾತ್ರ. ಗಂಡನದನ್ನಷ್ಟೇ ಕೇಳಿದರೂ ಸಿಗುವುದು ಅದೇ 1,750. ಆದರೆ ಆಗ ಮುಟ್ಟದೆ ಬಿಟ್ಟ ಸ್ವಂತ ಪಿಂಚಣಿ 70ಕ್ಕೆ 2,480 ಆಗಿರುತ್ತದೆ. ಎಂಟು ವರ್ಷ ಒಂದು ಡಾಲರೂ ಕಳೆದುಕೊಳ್ಳದೆ, ಆಮೇಲೆ ತಿಂಗಳಿಗೆ 700ಕ್ಕೂ ಹೆಚ್ಚು. ಇದನ್ನು ಬಿಟ್ಟುಬಿಡಿ ಎನ್ನುವವರು ಅದರ ಬದಲು ಏನು ಕೊಡುತ್ತಾರೆ?

'ಒಂದನ್ನು ಕೇಳಿದರೆ ಇನ್ನೊಂದನ್ನೂ ಕೇಳಿದ ಹಾಗೆಯೇ. 2015ರ ಕಾನೂನು ಆ ದಾರಿ ಮುಚ್ಚಿತು' ಎಂಬುದು ಮುಂದಿನ ವಾದ. ಆ ಕಾನೂನು ಮುಚ್ಚಿದ್ದು ಸಂಗಾತಿ ಬದುಕಿರುವವರ ದಾರಿಯನ್ನು. ಸಂಗಾತಿ ಇಲ್ಲದವರ ಆಯ್ಕೆಯನ್ನು ಅದು ಮುಟ್ಟಿಲ್ಲ. ಅರ್ಧ ಓದಿದ ಕಾನೂನಿಗೆ ಇನ್ನೊಬ್ಬರ ಮುಪ್ಪನ್ನು ಒತ್ತೆ ಇಡಬಾರದು.

ಇನ್ನು ಕೆಲವರು ತದ್ವಿರುದ್ಧ: 'ಕಾದಷ್ಟೂ ಲಾಭ, ಎರಡನ್ನೂ 70ಕ್ಕೇ ತೆಗೆದುಕೊಳ್ಳಿ.' ಸರ್ವೈವರ್ ಮೊತ್ತ ಪೂರ್ಣ ನಿವೃತ್ತಿ ವಯಸ್ಸಿನ ನಂತರ ಬೆಳೆಯುವುದೇ ಇಲ್ಲ; ಈಕೆಗೆ ಅದು 67. ತೀರಿಕೊಂಡವರು ಬೇಗನೆ ಪಿಂಚಣಿ ಶುರು ಮಾಡಿದ್ದರೆ ಅದರ ಮಿತಿ ಇನ್ನೂ ಮುಂಚೆಯೇ ಬರಬಹುದು. ಅಲ್ಲಿಂದಾಚೆ ಕಾಯುವುದು ಬರೀ ನಷ್ಟ. ಸ್ವಂತ ಪಿಂಚಣಿ ಚಿಕ್ಕದಿದ್ದವರು ಕ್ರಮವನ್ನೇ ತಿರುಗಿಸಬೇಕು: ಮೊದಲು ತಮ್ಮದು, ಆಮೇಲೆ ಸಂಗಾತಿಯದು. ಬೇಗ ಎನ್ನುವವರೂ ತಡ ಎನ್ನುವವರೂ ಎರಡು ಹಕ್ಕುಗಳನ್ನು ಒಂದೇ ಎಂದು ಭಾವಿಸಿದ್ದಾರೆ. ಇಬ್ಬರ ತಪ್ಪೂ ಅಲ್ಲೇ.

'ಕಚೇರಿಯವರೇ ಹೇಳುತ್ತಾರಲ್ಲ?' ಎನ್ನುವವರು 2018ರ ತಪಾಸಣಾ ವರದಿ ನೋಡಲಿ. ಸ್ವಂತ ಪಿಂಚಣಿಯನ್ನು ಮುಂದೂಡಬಹುದೆಂದು ವಿಧವೆ, ವಿಧುರರಿಗೆ ತಿಳಿಸಿರಲಿಲ್ಲವೆಂದು ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಯೇ ಕಂಡುಹಿಡಿದಿತ್ತು.

ತೂಕವುಳ್ಳ ಆಕ್ಷೇಪ ಒಂದಿದೆ, ಇನ್ನೂ ಕೆಲಸದಲ್ಲಿರುವವರದು. ಪೂರ್ಣ ನಿವೃತ್ತಿ ವಯಸ್ಸಿಗೆ ಮುಂಚೆ ಸಂಬಳ ಮಿತಿ ಮೀರಿದರೆ (2025ರಲ್ಲಿ 23,400 ಡಾಲರ್) ಹೆಚ್ಚುವರಿ ಎರಡು ಡಾಲರಿಗೆ ಒಂದರಂತೆ ಹಿಡಿಯುತ್ತಾರೆ. ಅಂಥವರು ಮೊದಲನೆಯದನ್ನು ಕೇಳಲು ಕೆಲಸ ಬಿಡುವವರೆಗೆ ಕಾಯಲಿ. ಉಳಿದವರು ಸರ್ವೈವರ್ ಅರ್ಜಿ ಕೊಡುವಾಗಲೇ ಅದರ ಷರಾ ಜಾಗದಲ್ಲಿ 'ಇದು ನನ್ನ ಸ್ವಂತ ಪಿಂಚಣಿಗೆ ಅರ್ಜಿಯಲ್ಲ' ಎಂದು ಬರೆಸಿ, ಬರೆದದ್ದನ್ನು ಓದಿ ನೋಡಿಯೇ ಸಹಿ ಹಾಕಲಿ.