ಕಾರ್ಡು ಆಸ್ಪತ್ರೆಗೆ, ಗುಳಿಗೆ ಯಾರ ಲೆಕ್ಕಕ್ಕೆ?

ನಮ್ಮ ಮಠಗಳ ಶಿವಾನುಭವ ಗೋಷ್ಠಿಗೆ ಬರುವವರಲ್ಲಿ ಬಹಳಷ್ಟು ಜನ ಅರವತ್ತು ದಾಟಿದವರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ಬಿ.ಪಿ., ಹಲವರಿಗೆ ಎರಡೂ. ಮೂವತ್ತು ವರ್ಷ ಔಷಧದಂಗಡಿ ನಡೆಸಿದ ನನ್ನನ್ನು ಪ್ರಸಾದದ ಹೊತ್ತಿನಲ್ಲಿ ಅವರು ಕೇಳುವ ಪ್ರಶ್ನೆ ಒಂದೇ: “ಅಣ್ಣಾರ, ಸರ್ಕಾರದ ಕಾರ್ಡ್ ಐತಿ. ತಿಂಗಳಾ ತಿಂಗಳಾ ಗುಳಿಗಿ ಅದರಾಗ ಸಿಗತಾವೇನ್ರಿ?”

ಸಿಗುವುದಿಲ್ಲ. ಕಾರ್ಡು ಹಂಚುವ ವೇದಿಕೆಯ ಮೇಲೆ ಈ ಮಾತನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಎಪ್ಪತ್ತು ತುಂಬಿದ ಎಲ್ಲರಿಗೂ, ಬಡವ ಬಲ್ಲಿದ ಎನ್ನದೆ, ಆಯುಷ್ಮಾನ್ ವಯ ವಂದನಾ ಕಾರ್ಡು ಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ; ಮನೆಯಲ್ಲಿ ಎಪ್ಪತ್ತು ದಾಟಿದ ಇಬ್ಬರಿದ್ದರೆ ಇಬ್ಬರಿಗೂ ಸೇರಿ ಅಷ್ಟೇ. ಆದರೆ ಅದು ಒಳರೋಗಿಯಾಗಿ ದಾಖಲಾದವರಿಗೆ. ದಾಖಲಾಗುವ ಮುಂಚಿನ 3 ದಿನ, ಮನೆಗೆ ಬಂದ ಮೇಲಿನ 15 ದಿನದ ಔಷಧವೂ ಅದರಲ್ಲಿ ಸೇರಿದೆ. ಹದಿನಾರನೆಯ ದಿನದ ಗುಳಿಗೆ ನಮ್ಮದೇ ಕಿಸೆಯಿಂದ.

ಬಿ.ಪಿ. ಗುಳಿಗೆ ಹದಿನೈದು ದಿನದ್ದಲ್ಲ, ಜೀವ ಇರುವ ತನಕದ್ದು. ದುಡ್ಡಿಲ್ಲದೆ ಅದನ್ನು ಬಿಟ್ಟವರಿಗೆ ಲಕ್ವ ಹೊಡೆದರೆ, ಆಗ ಕಾರ್ಡು ಕೆಲಸಕ್ಕೆ ಬರುತ್ತದೆ! ಇದು ಯಾವ ಸೀಮೆಯ ಲೆಕ್ಕಾಚಾರ? ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರಲ್ಲೇ ಎಲ್ಲವೂ ನಡೆಯಬೇಕು. ಒಂದು ತಿಂಗಳ ಗುಳಿಗೆ ಒಯ್ದವರು ಎರಡು ತಿಂಗಳ ಮೇಲೆ ಅಂಗಡಿಗೆ ಬಂದರೆ, ದಿನ ಬಿಟ್ಟು ದಿನ ನುಂಗಿದ್ದಾರೆಂದು ನಾವು ಕೇಳದೆಯೇ ತಿಳಿಯುತ್ತಿದ್ದೆವು. ಅಂಥವರಲ್ಲಿ ತಾಯಂದಿರೇ ಹೆಚ್ಚು. ಯಜಮಾನರ ಗುಳಿಗೆ ತಪ್ಪದೆ ಒಯ್ಯುವರು. ತಮ್ಮದನ್ನು “ಮುಂದಿನ ವಾರ ನೋಡೂಣ್ರಿ” ಎನ್ನುವರು. ಹೆಣ್ಣು ಗಂಡಿಗೆ ಭೇದವಿಲ್ಲವೆಂದು ನಂಬಿದ ನಮ್ಮ ಮನೆಗಳಲ್ಲೂ ಇದು ನಡೆದಿದೆ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಸಕ್ಕರೆಗೆ ಮೆಟ್‌ಫಾರ್ಮಿನ್, ಬಿ.ಪಿ.ಗೆ ಆಮ್ಲೋಡಿಪಿನ್, ಇಂಥ ಸಾಮಾನ್ಯ ಔಷಧಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡಬೇಕು. 2024ರಲ್ಲಿ ಕೋಲಾರದಲ್ಲಿ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುವಂಥದ್ದು. 2008ರಲ್ಲಿ ಆರಂಭವಾದ ಜನೌಷಧಿ ಮಳಿಗೆಗಳಲ್ಲಿ ದುಡ್ಡು ಕೊಡಲೇಬೇಕು, ಆದರೆ ಕಂಪನಿ ಹೆಸರಿನ ಮಾಲಿಗಿಂತ ಅರ್ಧಕ್ಕೂ ಕಡಿಮೆಗೆ ಹೆಚ್ಚಿನವು ಸಿಗುತ್ತವೆ. ಚೀಟಿಯಲ್ಲಿ ಔಷಧದ ಮೂಲ ಹೆಸರನ್ನು ಬರೆದುಕೊಡಿ ಎಂದು ಡಾಕ್ಟರರನ್ನು ಕೇಳಲು ಸಂಕೋಚ ಬೇಡ. ಅಗ್ಗದ ಗುಳಿಗೆ ಶಕ್ತಿಯಿಲ್ಲದ್ದು ಎಂಬ ಮಾತು ನಮ್ಮ ಜನರಲ್ಲಿ ಬೇರೂರಿದೆ. ಅದೂ ಒಂದು ಮೂಢನಂಬಿಕೆಯೇ.

ನನ್ನ ತಕರಾರು ಇರುವುದು ಆ “ಕೊಡಬೇಕು” ಎಂಬ ಮಾತಿನಲ್ಲಿ. ಆರೋಗ್ಯ ಕೇಂದ್ರಕ್ಕೆ ಹೋದ ಮುದುಕರಿಗೆ “ಸ್ಟಾಕ್ ಇಲ್ಲ, ಮುಂದಿನ ವಾರ ಬರ್ರಿ” ಎಂದರೆ ಬಸ್ಸಿನ ಚಾರ್ಜೂ ದಂಡ, ಆ ದಿನದ ಗುಳಿಗೆಯೂ ದಂಡ. ತಮಿಳುನಾಡು ಔಷಧ ಖರೀದಿಗೆಂದೇ 1994ರಲ್ಲಿ ನಿಗಮ ಕಟ್ಟಿತು. ರಾಜಸ್ಥಾನ 2011ರ ಗಾಂಧಿ ಜಯಂತಿಯಿಂದ ಸರ್ಕಾರಿ ಆಸ್ಪತ್ರೆಯ ಹೊರರೋಗಿಗಳಿಗೂ ಉಚಿತ ಔಷಧ ಯೋಜನೆ ತಂದಿತು. ನಮ್ಮಲ್ಲೂ ಹಿರಿಯರ ನಿತ್ಯದ ಔಷಧವನ್ನು ಕಾರ್ಡಿನೊಳಗೆ ತರಬೇಕು, ಮೂರು ತಿಂಗಳಿನದನ್ನು ಒಮ್ಮೆಗೇ ಕೊಡಬೇಕು. ಜಾತ್ರೆಗೆ ಬರುವ ಮಂತ್ರಿಗಳ ಮುಂದೆ ನಮ್ಮ ಪೂಜ್ಯರು ಸಮುದಾಯ ಭವನ ಕೇಳುವ ಬದಲು ಇದನ್ನು ಕೇಳಲಿ.

ಮಠಗಳೂ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ಶಿಬಿರ ನಡೆಸಿ, ವಾರದ ಗುಳಿಗೆ ಕೊಟ್ಟು, ಫೋಟೋ ತೆಗೆಸಿ ಸುಮ್ಮನಾದರೆ ದಾಸೋಹ ಅರ್ಧಕ್ಕೇ ನಿಂತಂತೆ. ಎಂಟನೆಯ ದಿನ ಆ ಹಿರಿಯರು ಏನು ನುಂಗಬೇಕು? ಜನೌಷಧಿ ಮಳಿಗೆಗೆ 120 ಚದರ ಅಡಿ ಜಾಗ, ಒಬ್ಬ ಫಾರ್ಮಸಿಸ್ಟ್, ಔಷಧ ಪರವಾನಗಿ ಬೇಕು. ಟ್ರಸ್ಟುಗಳೂ ಅರ್ಜಿ ಹಾಕಬಹುದು. ಪ್ರಸಾದ ನಿಲಯದ ಪಕ್ಕ ಅಷ್ಟು ಜಾಗ ಬಹುತೇಕ ಮಠಗಳಲ್ಲಿದೆ. ಫಾರ್ಮಸಿ ಕಾಲೇಜು ನಡೆಸುವ ಮಠಗಳೂ ನಮ್ಮಲ್ಲಿವೆ. ಮುಂದಿನ ಗೋಷ್ಠಿಯ ದಿನ ಅಲ್ಲಿನ ಇಬ್ಬರು ಹುಡುಗರನ್ನು ಕರೆಸಿ, ಹಿರಿಯರ ಚೀಟಿಗಳನ್ನು ಒಂದೊಂದಾಗಿ ನೋಡಿ, ಯಾವುದು ಎಲ್ಲಿ ಉಚಿತ, ಯಾವುದು ಎಲ್ಲಿ ಅಗ್ಗ ಎಂದು ಕನ್ನಡದಲ್ಲಿ ಬರೆದುಕೊಡಿಸಿ. ಅಷ್ಟಕ್ಕೆ ಯಾವ ಪರವಾನಗಿಯೂ ಬೇಡ.